ಹೊಳೆಯುವ ಬದಿ

ನೆಗೆಟಿವ್‌ಗೆ ಎರಡು ಬದಿ. ಒಂದು ಹೊಳೆಯುತ್ತದೆ,
ಇನ್ನೊಂದು ಮಂಕು. ಹೊಳೆಯುವುದು ನಮ್ಮ ಕಡೆಗಿರಬೇಕು.
ಲ್ಯಾಬಿಗೆ ಸೇರಿದ ದಿನ ನನಗೆ ಕಲಿಸಿದ್ದು ಇಷ್ಟೇ,
ಉಳಿದದ್ದು ಯಂತ್ರಕ್ಕೆ ಗೊತ್ತು.

ಶೇವಂತಿ ತಾಂಡೇಲ, ಬೈತಖೋಲ್.
ಮೀನು ಮಾರಿ ನೇರ ಬಂದವರು. ಬುಟ್ಟಿ ಹೊರಗೆ ಮೆಟ್ಟಿಲ ಮೇಲೆ.
ಕೈಯನ್ನು ಸೆರಗಿಗೆ ಎರಡೆರಡು ಸಲ ಒರೆಸಿಕೊಂಡು
ಹಳದಿ ಲಕೋಟೆ ತೆಗೆದರು,
ಮೇಲೆ ಯಾವುದೋ ಮುಚ್ಚಿಹೋದ ಸ್ಟುಡಿಯೊದ ಮುದ್ರೆ,
ಒಳಗೆ ಒಂದೇ ಒಂದು ಚೌಕ ತುಂಡು ಫಿಲ್ಮು.

“ಗೋಡೆಯ ಫೋಟೊಕ್ಕೆ ಬೂಸಲು ಹಿಡೀತು ಬಾಬಾ.
ಅದನ್ನೇ ಹೊಸದು ಮಾಡಿಕೊಡು. ಅಣ್ಣನದು.”

ಎಂಟು-ಹನ್ನೆರಡೋ, ಹತ್ತು-ಹದಿನೈದೋ?
ಮ್ಯಾಟೋ, ಗ್ಲಾಸಿಯೋ? ಚುಕ್ಕಿ ತೆಗೆಯುವುದಕ್ಕೆ ಬೇರೆ ಚಾರ್ಜು,
ಪೆನ್‌ಡ್ರೈವ್ ತಂದಿದ್ದೀರಾ?
“ಕಂಡರೆ ಸಾಕು,” ಅಂದರು.
ಎಂಟು-ಹನ್ನೆರಡು, ಮ್ಯಾಟ್ ಎಂದು ಬರೆದುಕೊಂಡೆ.

ರಬ್ಬರಿನ ಬುರುಡೆ ಒತ್ತಿ ಧೂಳು ಊದಿದೆ.
ದೀಪದ ಪಟ್ಟಿ ಗುಂಯ್ ಎನ್ನುತ್ತ ನಿಧಾನ ದಾಟಿತು,
ಬಿಳಿ ಸಮುದ್ರ ಕಪ್ಪಾಯಿತು,
ಕಪ್ಪು ಹಲ್ಲು ಬಿಳಿಯಾಯಿತು,
ಹುಡುಗನೊಬ್ಬ ನಗುತ್ತ ನಿಂತ.

“ಇವನಲ್ಲ.”

ಬೈತಲೆ ಆ ಕಡೆ ಇರಬೇಕಂತೆ. ಹುಬ್ಬಿನ ಗಾಯ ಈ ಕಡೆ.
“ನಲವತ್ತಾರು ವರ್ಷ ಬೆಳಿಗ್ಗೆ ಎದ್ದು ನೋಡ್ತಾ ಇದ್ದೇನೆ,
ನೀನು ನನಗೆ ಹೇಳ್ತೀಯಾ?”

ಫಿಲ್ಮು ತೆಗೆದು ಬೆಳಕಿಗೆ ಹಿಡಿದೆ.
ಹೊಳೆಯುವ ಬದಿ ಇತ್ತ ಕಡೆಗೇ ಇತ್ತು.
ದೋಣಿಯ ಮೂತಿಯ ಮೇಲೆ ಜಯವಂತಿ, ನೆಟ್ಟಗೆ ಓದಬಹುದು.
“ಅಕ್ಷರ ನನಗೆ ಬರೋದಿಲ್ಲ.”
ಹಿಂದೆ ಒಂದು ಗುಡ್ಡದ ಬೆನ್ನು, ನೀರಲ್ಲಿ.
ದಂಡೆಯಲ್ಲಿ ಸಮುದ್ರಕ್ಕೆ ಮುಖ ಮಾಡಿ ನಿಂತರೆ
ಕೂರ್ಮಗಡ ಯಾವ ಕೈಗೆ ಬರುತ್ತದೆ ಬಾಯಿ?
“ಬಲಗೈಗೆ. ಅದೇನು ಕೇಳೋದು.”
ಹೇಳಿ, ಪರದೆ ನೋಡಿ,
ತಮ್ಮ ಬಲಗೈಯನ್ನು ಒಮ್ಮೆ ನೋಡಿಕೊಂಡರು.

ಆ ಸ್ಟುಡಿಯೊದವನು ಮಗುಚಿ ಹಾಕಿದ್ದ.
ದೋಣಿ, ಗಡ, ಎಲ್ಲ ಕತ್ತರಿಸಿ
ಎದೆಯಿಂದ ಮೇಲಕ್ಕೆ ಅಷ್ಟೇ ಹಿಗ್ಗಿಸಿ ಕೊಟ್ಟಿದ್ದ.
ಮುಖ ಒಂದೇ ಇದ್ದರೆ ಯಾರಿಗೆ ತಿಳಿಯುತ್ತದೆ
ಎಡ ಯಾವುದು, ಬಲ ಯಾವುದು.

“ಇಷ್ಟು ದಿನ ಗೋಡೆಯಲ್ಲಿ ಇದ್ದವನು ಯಾರು ಹಾಗಾದರೆ?”

ಕನ್ನಡಿಯಲ್ಲಿ ಅವರು ತಮ್ಮನ್ನು ನೋಡಿಕೊಳ್ಳುತ್ತಿದ್ದದ್ದು
ಹಾಗೇ ಅಲ್ಲವೇ, ಅಂದೆ. ಜಾಣತನ.
“ಕನ್ನಡಿ ಎಲ್ಲಿತ್ತು ನಮ್ಮಲ್ಲಿ?
ಅವನು ಹೋದಾಗ ನನಗೆ ಒಂಬತ್ತು.
ಮನೆಗೆ ಕನ್ನಡಿ ಬಂದದ್ದು ನನ್ನ ಮದುವೆಗೆ.”

ಒಂದು ಕೀ ಒತ್ತಿದೆ: ಗೋಡೆಯವನು.
ಇನ್ನೊಮ್ಮೆ ಒತ್ತಿದೆ: ದೋಣಿಯವನು.
ಗೋಡೆಯವನು, ದೋಣಿಯವನು. ಸಾಕು ಅನ್ನುವವರೆಗೆ ಒತ್ತುತ್ತಲೇ ಇದ್ದೆ.
ಹಿಂದೆ ಪಾಸ್‌ಪೋರ್ಟ್ ಸೈಜಿಗೆ ಬಂದ ಹುಡುಗ
ಬಾಚಣಿಗೆ ಕೈಯಲ್ಲಿ ಹಿಡಿದೇ ನೋಡುತ್ತಿದ್ದ.

“ಯಾವುದಕ್ಕೆ ದುಡ್ಡು ಜಾಸ್ತಿ?”
ಎರಡಕ್ಕೂ ಒಂದೇ.
“ಗೋಡೆಗೆ ಗೋಡೆಯವನೇ ಇರಲಿ. ಮೊಮ್ಮಕ್ಕಳಿಗೆ ಅವನ ಗುರುತು.
ಇವನನ್ನೂ ಕೊಡು.”

ದೋಣಿಯವನನ್ನು ಎಂಟು-ಹನ್ನೆರಡಕ್ಕೆ ಅಳೆದೆ.
ಚೌಕ ಫಿಲ್ಮು, ಉದ್ದ ಕಾಗದ,
ಎರಡೂ ಅಂಚು ಹೋಗುತ್ತದೆ ನೋಡಿ, ಅಂದೆ.
ಈ ಕಡೆ ಗಡ ಹೋಗುತ್ತದೆ, ಆ ಕಡೆ
ಈ ಕೈ, ಯಾರದೋ,
ಹಗ್ಗ ಹಿಡಿದದ್ದು, ಮೊಣಕೈವರೆಗೆ ಮಾತ್ರ.
ಸಣ್ಣ ಕೈ. ಬೂದು ಬಣ್ಣದ ನಾಲ್ಕು ಬಳೆ.

ಕೌಂಟರಿಗೆ ಎದೆ ತಾಗುವಷ್ಟು ಬಗ್ಗಿದರು.

“ಹಸಿರು,” ಅಂದರು.

ನಾನು ಮೊದಲು ಬರೆದದ್ದನ್ನು ಹೊಡೆದು ಬರೆದೆ:
ಪೂರ್ತಿ ಫ್ರೇಮ್. ಕತ್ತರಿಸಬಾರದು.
ಮೇಲೆ ಕೆಳಗೆ ಬಿಳಿ ಬಿಟ್ಟರೂ ಅಡ್ಡಿಯಿಲ್ಲ.
ಸೋಮವಾರ, ನಾಲ್ಕರ ಮೇಲೆ.
ಮುಂಗಡ ನೂರು. ನೋಟು ಒದ್ದೆ,
ಸ್ಕ್ಯಾನರಿನ ಬಿಸಿ ಮುಚ್ಚಳದ ಮೇಲೆ ಹರಡಿಟ್ಟೆ.