ತೌಡು

ತ್ಸುರುಓಕದಲ್ಲಿ ಆ ವರ್ಷ ಹಿಮ ತಡವಾಗಿ ಬಿತ್ತು.
ಅಕ್ಕ ಕಿಟಕಿಯ ಹತ್ತಿರ ನಿಂತು
ಚಂದ್ರ ಎರಡಿದ್ದಾನೆ ಅಂದಳು.
ನಾನು ನಕ್ಕೆ. ಹದಿನಾಲ್ಕು ವರ್ಷ ನನಗೆ,
ಎಲ್ಲದಕ್ಕೂ ನಗು.

ಚಿಜುರು ಅವಳ ಹೆಸರು. ಸರದಿ ಓಟದಲ್ಲಿ
ಕೊನೆಯ ಹಂತ ಅವಳದು.
ಹಗುರಾದಷ್ಟೂ ಸೆಕೆಂಡು ಉಳಿಯುತ್ತದೆ ಎಂದು
ಯಾರೋ ಹೇಳಿದ್ದರು; ಉಳಿಸುತ್ತಲೇ ಹೋದಳು.
ಮೊದಲು ಅನ್ನ, ಆಮೇಲೆ ಮೀನು,
ಆಮೇಲೆ ಮಿಸೊ ಬಟ್ಟಲಲ್ಲಿ ಬರೀ ಬಿಸಿನೀರು.
ಯಾರು ಕೇಳಿದರೂ ಒಂದೇ ಉತ್ತರ:
ಊಟ ಆಯಿತು.

ಓಡುತ್ತಿದ್ದ ಕಾಲು
ದೋಣಿಯಲ್ಲಿ ನಿಂತವರ ಹಾಗೆ ಅಗಲಗಲ ಊರತೊಡಗಿತು.
ಕಣ್ಣಗುಡ್ಡೆಗಳು ಬಕೆಟ್ಟಿನಲ್ಲಿ ಹಿಡಿದಿಟ್ಟ ಮೀನಿನಂತೆ
ಅಂಚಿಗೆ ಹೋಗಿ ಹೋಗಿ ತಾಕಿ ಬರುತ್ತಿದ್ದವು.
ಓಣಿಯ ಕ್ಲಿನಿಕ್ಕಿನಲ್ಲಿ ಸೋತಿದ್ದಾಳೆ ಅಂತ
ಗ್ಲೂಕೋಸು ಏರಿಸಿದರು, ಒಳ್ಳೆಯ ಮನಸ್ಸಿನಿಂದಲೇ.
ಬೆಳಗಾಗುವಷ್ಟರಲ್ಲಿ
ನನ್ನ ಹೆಸರು ಅವಳಲ್ಲಿರಲಿಲ್ಲ.

ದೊಡ್ಡಾಸ್ಪತ್ರೆಯ ಡಾಕ್ಟರು ಹಳದಿ ಬಾಟಲಿ ತೂಗುಹಾಕಿದರು.
ಮೊದಲು ಇದು, ಆಮೇಲೆ ಸಕ್ಕರೆ, ಅಂದರು,
ಯಾರನ್ನೂ ದೂರದೆ.
ಕಡ್ಡಿ ಗೀರದೆ ಸೌದೆ ಒಟ್ಟಿದರೆ ಒಲೆ ಉರಿಯುವುದಿಲ್ಲ.
ಚಿಟಿಕೆಗೂ ಸಿಗದಷ್ಟು ವಿಟಮಿನ್ನು,
ಅಕ್ಕಿಯ ತೌಡಿನಲ್ಲಿರುತ್ತದಂತೆ.

ತೌಡು!
ನಮ್ಮ ಅಡುಗೆಮನೆಯಲ್ಲಿ ಅಜ್ಜಿಯ ಮರದ ತೊಟ್ಟಿಯ ತುಂಬ ಅದೇ.
ಉಪ್ಪು ಬೆರೆಸಿ, ಮೂಲಂಗಿ ಹೂತು,
ಅರವತ್ತು ವರ್ಷ ದಿನಕ್ಕೊಮ್ಮೆ
ಮೊಣಕೈವರೆಗೆ ತೋಳಿಳಿಸಿ ಮಗುಚಿದ್ದಾಳೆ.
ಅವಳ ಮಾವ ಹುಡುಗನಾಗಿ ಟೋಕಿಯೋಗೆ ದುಡಿಯಲು ಹೋಗಿ
ಬೆಳ್ಳಗಿನ ಅನ್ನದ ಸುಖದಲ್ಲಿ
ಕಾಲು ಜೋಮು ಹಿಡಿದು ಗಾಡಿಯಲ್ಲಿ ಮರಳಿದ್ದನಂತೆ.
ಅವನ ಬಟ್ಟಲು ತುಂಬಿತ್ತು, ಇವಳದು ಖಾಲಿ.
ರೋಗಕ್ಕೆ ಎರಡೂ ಒಂದೇ.

ಕೆಲಸಕ್ಕೆ ಬಾರದ ಮಾತಿಗೆ ತೌಡು ಕುಟ್ಟುವುದು ಅನ್ನುತ್ತಾರಲ್ಲ,
ಆ ರಾತ್ರಿ ನಾವೆಲ್ಲ ಮಾಡಿದ್ದು ಅದನ್ನೇ.
ಯಾರ ತಪ್ಪು, ಯಾವಾಗಿನಿಂದ, ಯಾರು ನೋಡಬೇಕಿತ್ತು.
ಅಜ್ಜಿಯೊಬ್ಬಳು
ನಿಜವಾದ ತೌಡಿನಲ್ಲಿ ಕೈಯಿಟ್ಟು ಕೂತಿದ್ದಳು.

ಕಣ್ಣು ನಾಲ್ಕು ದಿನಕ್ಕೆ ನಿಂತಿತು.
ಕಾಲು ವಸಂತದ ಹೊತ್ತಿಗೆ, ಗೋಡೆ ಹಿಡಿದು.
ನೆನಪಿನ ಮಾತು ಬೇರೆ.

ಈಗಲೂ ಮಧ್ಯಾಹ್ನ ಕೇಳಿದರೆ
ಊಟ ಆಯಿತು ಅನ್ನುತ್ತಾಳೆ.
ಕಡಲ ದಂಡೆಯಲ್ಲಿ, ಅಮ್ಮನ ಜೊತೆ,
ಸುಟ್ಟ ಮೀನು, ಎರಡು ಬಟ್ಟಲು ಅನ್ನ;
ಬೆರಳು ನೆಕ್ಕಿದ್ದನ್ನೂ ಹೇಳುತ್ತಾಳೆ.
ಮೊದಲಿನಂತೆ ಸುಳ್ಳಲ್ಲ ಇದು.
ಇಷ್ಟು ವರ್ಷಗಳಲ್ಲಿ ಅವಳು
ಹೊಟ್ಟೆ ತುಂಬ ಉಂಡದ್ದು ಇದೊಂದೇ ಊಟ,
ಹೇಗೆ ಅಲ್ಲಗಳೆಯಲಿ?

ಹೌದಾ ಅಕ್ಕ, ಚೆನ್ನಾಗಿತ್ತಾ, ಅನ್ನುತ್ತೇನೆ.
ಅಜ್ಜಿಯ ಮೂಲಂಗಿ ಎರಡು ಹೋಳು
ಅವಳ ಕಡೆಗೆ ಸರಿಸುತ್ತೇನೆ.