ಅರವತ್ತೆರಡಕ್ಕೆ

ಐವತ್ತರವರೆಗೆ ಏನೂ ಇಲ್ಲ, ಸಭ್ಯ ಗಾಡಿ.
ಅರವತ್ತೆರಡಕ್ಕೆ ಶುರು:
ಮೊದಲು ಕನ್ನಡಿಯೊಳಗಿನ ಲಾರಿ ಎರಡಾಗುತ್ತದೆ,
ಆಮೇಲೆ ಸೀಟು, ಸೊಂಟ, ಬಾಯೊಳಗಿನ ಮಾತು.
ಎಪ್ಪತ್ತೆಂಟು ದಾಟಿದರೆ ಮತ್ತೆ ಸುಮ್ಮನೆ,
ಏನೂ ಆಗಿಯೇ ಇಲ್ಲವೆಂಬಂತೆ.

ಕೊಂಡಜ್ಜಿ ಗುಡ್ಡದ ಕಲ್ಲು ಹೊಟ್ಟೆಗೆ ತಾಗದಿರಲೆಂದು
ಹರಾಜಿನಲ್ಲಿ ಹಿಡಿದ ಜೀಪನ್ನು ನಾಲ್ಕಿಂಚು ಎತ್ತಿದ್ದೆವು:
ಹೊಸ ಪಟ್ಟಿ, ಉದ್ದದ ಶಾಕ್, ಅಗಲದ ಟಯರು.
ಮಂಡಕ್ಕಿ ಭಟ್ಟಿಯ ಹುಡುಗರು ಅಂದು
ಈ ಕಡೆ ತೂರಿ ಆ ಕಡೆ ಎದ್ದು ನಕ್ಕಿದ್ದರು.
ಅಂದಿನಿಂದ ಈ ನಡುಕ.

"ಸ್ಟೇರಿಂಗಿಗೆ ಬರತೈತೋ, ಕುಂಡಿಗೆ ಬರತೈತೋ ಮೇಡಂ?
ಅದರ ಮ್ಯಾಲೇ ಐತಿ ಎಲ್ಲ," ಎಂದ ಚಮನ್‌ಸಾಬ್,
ಎಂದವನೇ ಸ್ಪ್ಯಾನರು ಹುಡುಕುವ ನೆಪದಲ್ಲಿ ಆ ಕಡೆ ತಿರುಗಿದ.
"ಕುಂಡಿಗೆ" ಎಂದೆ.
"ಹಂಗಾದ್ರೆ ಹಿಂದಿಂದು."

ಅಷ್ಟು ಸಲೀಸಲ್ಲ.
ಬಾಡಾ ಕ್ರಾಸಿನಿಂದ ಆನಗೋಡು, ಆನಗೋಡಿನಿಂದ ಬಾಡಾ ಕ್ರಾಸು,
ಮೂರು ದಿನ.
ಓಡುತ್ತಲೇ ನ್ಯೂಟ್ರಲ್ಲಿಗೆ ಬಿಟ್ಟರೂ ನಡುಕ ನಿಲ್ಲಲಿಲ್ಲ: ಇಂಜಿನ್ನು ನಿರಪರಾಧಿ.
ಟಯರು ಹಿಂದುಮುಂದು ಮಾಡಿದೆವು: ಅದೇ ಅರವತ್ತೆರಡು.
ಮುಂದಿನ ಶಾಫ್ಟು ಬಿಚ್ಚಿಟ್ಟು ಹೋದೆವು: ಅದೇ.
ಹಿಂದಿನದು ಬಿಚ್ಚಿ, ಮುಂದಿನ ಚಕ್ರವಷ್ಟೇ ಎಳೆಯುವಂತೆ ಹೋದೆವು:
ಬೆಣ್ಣೆ.

ಸೀಟುಗಳ ನಡುವಿನ ತಗಡಿನ ಮೇಲೆ
ಒಂದು ಹಿಡಿ ಮಂಡಕ್ಕಿ ಚೆಲ್ಲುವುದು ಚಮನನ ಮೀಟರು.
ಹಿಂದಿನ ಶಾಫ್ಟು ಮತ್ತೆ ಏರಿಸಿ ಹೊರಟರೆ
ಅರವತ್ತೊಂದರಲ್ಲಿ ಕಾಳು ಮಲಗಿವೆ,
ಅರವತ್ತೆರಡಕ್ಕೆ ಎದ್ದು ಕುಣಿದು
ಯಾರೋ ಗೆರೆ ಕೊರೆದು ಕರೆದಂತೆ ಸಾಲುಗಟ್ಟುತ್ತವೆ.

ಕೊನೆಗೆ ಗೋಣೆಪ್ಪನನ್ನು ಕರೆಸಿದೆವು.
ಕಾಟನ್ ಮಿಲ್ಲಿನಲ್ಲಿ ಮೂವತ್ತು ವರ್ಷ,
ಕಿವಿಯನ್ನು ಮಗ್ಗಗಳಿಗೆ ಕೊಟ್ಟು ಬಂದವನು.
ಸ್ಟ್ಯಾಂಡಿನ ಮೇಲೆ ಗಾಡಿ ಓಡುತ್ತಿರಲು
ಉದ್ದನೆ ಸ್ಕ್ರೂಡ್ರೈವರಿನ ಮೊನೆಯನ್ನು ಹೌಸಿಂಗಿಗೆ ಒತ್ತಿ
ಹಿಡಿಯನ್ನು ಹಲ್ಲಿನಲ್ಲಿ ಕಚ್ಚಿದ,
ಕಣ್ಣು ಮುಚ್ಚಿದ.
ನಾವೂ ಯಾಕೋ ಉಸಿರು ಹಿಡಿದೆವು, ಅವನಿಗೆ ಕೇಳಿಸಿಬಿಟ್ಟೀತೆಂಬಂತೆ.

ಎರಡು ಬೆರಳೆತ್ತಿದ.
"ಒಂದು ಸುತ್ತಿಗೆ ಎರಡು ಸಲ ಬಡೀತೈತಿ.
ಒಂದು ಸಲ ಆದ್ರೆ ತೂಕದ ತಪ್ಪು,
ಎರಡು ಅಂದ್ರೆ ಮೂಲೆ ತಪ್ಪು."
ಲೇತಿಗೆ ಬೇಡ, ತೂಕ ಬೇಡ. ಕೆಳಗೆ ತೂರಿದ.

ಬಾಗಿ ತಿರುಗುವ ಕ್ರಾಸು ಒಂದೇ ಸಮ ತಿರುಗುವುದಿಲ್ಲ:
ಸುತ್ತಿನಲ್ಲಿ ಎರಡು ಸಲ ಮುನ್ನುಗ್ಗಿ ಎರಡು ಸಲ ತಡೆಯುತ್ತದೆ.
ಆ ಕೊನೆಯ ಕ್ರಾಸೂ ಹಾಗೆಯೇ.
ಎರಡೂ ಎದುರುಬದುರು ನೇರ ನಿಂತರೆ
ಇದರ ಎಡವು ಅದರ ಎಡವಿನಲ್ಲಿ ಮುಳುಗುತ್ತದೆ.
"ಗಂಡ ಹೆಂಡ್ತಿ ಇದ್ದಂಗ?" ಎಂದೆ.
"ಅದನ್ನ ಮಾತ್ರ ಅನಬ್ಯಾಡ್ರಿ," ಚಮನ್‌ಸಾಬ್ ಕೈ ಮುಗಿದ,
"ಇದನ್ನ ಬಿಚ್ಚಿ ಕೂಡಿಸಬಹುದು."

ಜಾರುಗೂಡು ಒಂದು ಹಲ್ಲು ಪಕ್ಕಕ್ಕೆ ಕೂತಿತ್ತು.
ಒಂದೇ ಹಲ್ಲು.
ಜೀಪು ಎತ್ತಿದ ರಾತ್ರಿ ಕರೆಂಟು ಹೋಗಿ
ಮೊಬೈಲಿನ ಬೆಳಕನ್ನು ಹಲ್ಲಿನಲ್ಲಿ ಕಚ್ಚಿಕೊಂಡು
ಹಲ್ಲಿಗೆ ಹಲ್ಲು ಕೂಡಿಸಿದವಳು ನಾನೇ.
ಬಿಚ್ಚುವ ಮೊದಲು ಒಂದು ಗೆರೆ ಎಳೆದಿರಲಿಲ್ಲ.
ಮೂರು ದಿನ ಟಯರನ್ನು ಬೈದೆ, ರಸ್ತೆಯನ್ನು ಬೈದೆ,
ಹರಾಜು ಹಾಕಿದವರನ್ನೂ ಬಿಡಲಿಲ್ಲ.
ಹೇಳಿದೆ. ಯಾರೂ ಏನೂ ಅನ್ನಲಿಲ್ಲ.
ಗೋಣೆಪ್ಪ ಸೀಮೆಸುಣ್ಣ ನನ್ನ ಕೈಗೆ ಕೊಟ್ಟ.

ಎತ್ತಿದ ಮೇಲೆ ಹೌಸಿಂಗಿನ ಮೂಗೂ ಬಗ್ಗಿತ್ತು.
ಚಮನನ ಮಗಳ ಕಂಪಾಸು ಪೆಟ್ಟಿಗೆಯ ಕೋನಮಾಪಕಕ್ಕೆ
ನೂಲು ಕಟ್ಟಿ, ನೂಲಿಗೆ ನಟ್ಟು ಕಟ್ಟಿ ಅಳೆದು
ಪಟ್ಟಿಯ ಕೆಳಗೆ ಎರಡು ಡಿಗ್ರಿಯ ಬೆಣೆ ತೂರಿಸಿದೆವು.
ನಾಳೆ ಪರೀಕ್ಷೆ ಅಂತ ಮಗಳು ಬಾಗಿಲಲ್ಲೇ ನಿಂತಿದ್ದಳು.

ಮತ್ತೆ ಬಾಡಾ ಕ್ರಾಸು. ಮೂವರೂ.
ಅರವತ್ತು. ಅರವತ್ತೊಂದು. ಅರವತ್ತೆರಡು.
ಕನ್ನಡಿಯಲ್ಲಿ ಒಂದೇ ಲಾರಿ.
ತಗಡಿನ ಮೇಲಿನ ಕಾಳು ನಿದ್ದೆಯಿಂದ ಏಳಲಿಲ್ಲ.
ಎಪ್ಪತ್ನಾಲ್ಕಕ್ಕೆ ಸಣ್ಣದೊಂದು ಗುಂಯ್.
"ಅದು ಟಯರಿಂದು, ಇರಲಿ ಬಿಡ್ರಿ."

ಹಿಂದಿನಿಂದ ಬಗ್ಗಿದ ಗೋಣೆಪ್ಪ
ಮೀಟರನ್ನು ಬಳಿದು ಬಾಯಿಗೆ ಹಾಕಿಕೊಂಡ.
ಆನಗೋಡಿನ ತನಕ ಅವನು ಅಗಿಯುವ ಸದ್ದು.
ತನಗೂ ಅದೊಂದು ಕೇಳುತ್ತದಂತೆ.