ಲಾಭ

ನಮ್ಮಪ್ಪ ಒಂದಕ್ಕ ಒಂದು ಅಂದಾವಲ್ಲ.
ಕಲಬುರಗಿ ಗಂಜಿನಾಗ ಮೂವತ್ತೆಂಟು ವರ್ಷ
ತೊಗರಿ ಚೀಲ ತೂಗ್ಯಾನ.
ಮೊದಲ ಚೀಲ ಕಾಟಾದ ಮ್ಯಾಲ ಕುಂತರ 'ಲಾಭ',
ಆಮ್ಯಾಲ ಎರಡು, ಮೂರು.
ಮನಿಯಾಗೂ ಹಂಗ:
ತಾಟಿಗಿ ಬಿದ್ದ ಮೊದಲ ರೊಟ್ಟಿ ಲಾಭ,
ಹುಟ್ಟಿದ ಮೊದಲ ಮಗಳು, ನಾನು, ಲಾಭ.

ಲಕ್ವಾ ಹೊಡೆದದ್ದು ಬಲಕ್ಕ.
ಮಾತೂ ಹೋತು.
ತೊಂಬತ್ತಾರು ಕಿಲೋ ಮನಷಾ
ಬಚ್ಚಲ ಬಾಗಲದಾಗ ಬಿದ್ದಿದ್ದ.
ನಾನು, ಅವ್ವ, ಬಾಜೂ ಮನಿ ರುಕುಮ್‌ಬೀ,
ಆಕಿ ಮಗ, ಹಾಲಿನಾವ,
ಐದು ಮಂದಿ ಚಾದರದಾಗ ಹಾಕಿ ಎತ್ತಿದ್ವಿ.
ಅರ್ಧ ಮೈ ಸತ್ತರ ಮೈ ಅರ್ಧ ಆಗೂದಿಲ್ಲ,
ದುಪ್ಪಟ್ಟಾಗತದ.
ನನ್ನ ಟೊಂಕಾ ಕೇಳ್ರಿ, ಇನ್ನೂ ಹೇಳತದ.

"ತೂಕ ಭಾಳಾತು, ಅದಕ್ಕ ಬಂತು"
ಅಂದ್ರು ನೋಡಲಿಕ್ಕ ಬಂದವರೆಲ್ಲಾ,
ಡಜನ್ ಬಾಳೆಹಣ್ಣು ಕೈಯಾಗ ಹಿಡಕೊಂಡು.
ಅವ್ವ ತುಪ್ಪದ ಡಬ್ಬಿ ಅಟ್ಟಕ್ಕಿಟ್ಟಳು.

ದವಾಖಾನ್ಯಾಗ ಬಾಜೂ ಪಲಂಗ ಮದರ್‌ಸಾಬಂದು.
ಗಂಜಿನ ಹಮಾಲ.
ಅಪ್ಪ ತೂಗಿದ್ದನ್ನ ಹೊತ್ತಾವ ಅವನೇ.
ಅವಗೂ ಎಪ್ಪತ್ತರ ಮ್ಯಾಲ ಒಂದೋ ಎರಡೋ,
ಲಕ್ವಾನೂ ಅದೇ ಬಲಕ್ಕ.
ಮೈ ಮಾತ್ರ ನಲವತ್ತೊಂದು ಕಿಲೋ.
ಸೊಸಿ ಒಬ್ಬಾಕೀನೇ ಮಗ್ಗಲಾ ಹೊಳ್ಳಸ್ತಿದ್ಲು,
ಕೌದಿ ಮಡಚಿದಂಗ.
ನನಗ ಹೊಟ್ಟಿಕಿಚ್ಚು.
ಸುಳ್ಳ್ಯಾಕ ಹೇಳಲಿ.

ಮೂಗಿನಾಗ ನಳಿ, ಎದಿಯಾಗ ಕಫ, ರಾತ್ರಿ ಜ್ವರ.
ಇಬ್ಬರೂ ಕರಗಿದರು.
ಅಪ್ಪಗ ಕರಗಲಿಕ್ಕ ಇತ್ತು.
ಎಲುಬು ಎಷ್ಟು ದಿನ ಉದ್ರಿ ಕೊಡತದ?

ನಾ ಅಂಗನವಾಡಿಯಾಕಿ.
ಜೋಳಿಗ್ಯಾಗ ಕೂಸಿಟ್ಟು ತೂಗಾಕಿ,
ಕಾರ್ಡಿನಾಗ ಗೆರಿ ಮ್ಯಾಲೇರಿದರ ನಗಾಕಿ.
ಅಪ್ಪಂದು ಇಳೀತದ, ನಗಲೋ ಅಳಲೋ?
ಸಣ್ಣ ಡಾಕ್ಟರಮ್ಮಗ ಕೇಳಿದೆ.
"ಈ ವಯಸ್ಸಿನಾಗ ಒಂದೀಟು ಕಂಡ
ಕೆಲವರಿಗಿ ಆಧಾರ ಆಗತದ್ರಿ" ಅಂದ್ಲು,
ಕಣ್ಣು ಕಾಗದದ ಮ್ಯಾಲೇ.
"ಖಾತ್ರಿ ಏನಿಲ್ಲ. ಹೊಟ್ಟಿ ಬ್ಯಾರೆ, ತೊಡಿ ಬ್ಯಾರೆ.
ತೊಡಿ ಕರಗಗೊಡಬ್ಯಾಡ್ರಿ."

ಅವತ್ತಿನಿಂದ ಬ್ಯಾಳಿ ಕಟ್ಟು, ತತ್ತಿಯ ಬಿಳಿ,
ಚಮಚೆಯಿಂದ ಒಂದೊಂದೇ ಗುಟುಕು.
ಕೂಸಿನ ರಟ್ಟಿ ಅಳಿಯೋ ಪಟ್ಟಿ ಚೀಲದಾಗಿತ್ತು,
ಅಪ್ಪನ ರಟ್ಟಿಗಿ ಸಾಲಲಿಲ್ಲ.
ಮದರ್‌ಸಾಬಂದು ಅಳದೆ. ಸಾಲಿತು.
ಸೊಸಿ ನೋಡಿದ್ಲು. ನಾ ಪಟ್ಟಿ ಸುತ್ತಿ ಒಳಗಿಟ್ಟೆ.

ಶುಕ್ರವಾರ ನಸುಕಿನಾಗ ಆ ಪಲಂಗ ಖಾಲಿ.
ಗಂಜಿನ ಹಮಾಲರೇ ಬಂದು ಒಯ್ದರು.
ಕ್ವಿಂಟಲ್ ಚೀಲ ಎತ್ತೋ ಹೆಗಲು,
ಒಬ್ಬಾವ ಬಾಗಲದಾಗ ನಿಂತು
"ಏನೂ ತೂಕಿಲ್ಲಲೇ" ಅಂದು
ಟವೆಲ್ ಬಾಯಿಗಿಟ್ಟುಕೊಂಡ.
ಅಪ್ಪ ನಿದ್ದಿಯಾಗಿದ್ದ.
ನಾವು ಹೇಳಲಿಲ್ಲ.

ತಿಂಗಳ ಮ್ಯಾಲ ಮೂರು ದಿನ ಆಗಿತ್ತು.
ವ್ಯಾಯಾಮದ ಹುಡುಗ ದಿನಾ "ಒಂದು ಅನ್ರಿ ಅಜ್ಜಾ" ಅಂತಿದ್ದ,
ಅಜ್ಜ ತುಟಿ ಬಿಚ್ಚುತಿರಲಿಲ್ಲ.
ಅವತ್ತು ಇಬ್ಬರು ಹಿಡಿದು ಕಾಟಾದ ಮ್ಯಾಲ ನಿಲ್ಲಿಸಿದರು,
ಎಡಗಾಲು ತಾನಾಗಿ, ಬಲಗಾಲು ನಾ ಎತ್ತಿಟ್ಟೆ.
ಮುಳ್ಳು ನಡುಗಿ ಎಂಬತ್ತೇಳಕ್ಕ ನಿಂತಿತು.
ಒಂಬತ್ತು ಕಿಲೋ ಎಲ್ಲಿ ಹೋತೋ ದೇವರಿಗೆ ಗೊತ್ತು.
ಅಪ್ಪ ಕೆಳಗ ನೋಡಿದ,
ಹಳೇ ರೂಢಿ, ಮುಳ್ಳು ನಿಲ್ಲೋತನ ಉಸಿರು ಹಿಡಿದ,
ಆಮ್ಯಾಲ ಸೊಟ್ಟ ಬಾಯಿಂದ, ಜೊಲ್ಲಿನ ಜೋಡಿ:

"ಲಾಬ್."

ಅವ್ವ ಸೆರಗು ಬಾಯಾಗ ತುರಿಕಿದಳು.
ಹುಡುಗಗ ತಿಳೀಲಿಲ್ಲ. "ಏನಂದ್ರು?" ಅಂದ.

ಎರಡು ಅಂತಾನೇನೋ ಅಂತ ನಿಂತಿದ್ವಿ.
ಅಪ್ಪ ಬಾಜೂ ಪಲಂಗದ ಕಡಿ ಹೊಳ್ಳಿ ನೋಡಲಿಕ್ಕತ್ತಿದ್ದ.
ತೂಗಿದ್ದಾತು,
ಎತ್ತಾವ ಎಲ್ಲಿ ಅನ್ನೂ ಹಂಗ.